ಎಡೆಗೆ ಇಟ್ಟ ಹಾಡು

ಬೆಳಗಾವಿ
28 ಜೂನ್ 1976

ಶ್ರೀ ಕೊರಗಪ್ಪ ಅವರಿಗೆ ಶರಣು.

ನಾನು ಅಣವೀರಪ್ಪನ ತಂದೆ ಸಿದ್ದರಾಮಪ್ಪ. ಹೋದ ವರ್ಷ ಆಷಾಢದಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡಾಗ ಮುಂಬಯಿಗೆ ಬಂದಿದ್ದೆ. ರುದ್ರಭೂಮಿಯಲ್ಲಿ ನೀವು ನನ್ನ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದಿರಿ. ನನಗೆ ಕೇಳಿಸಲಿಲ್ಲ, ಕೇಳಿಸಿದವನಂತೆ ತಲೆ ಆಡಿಸಿದೆ. ನಿಮ್ಮ ವಿಳಾಸವನ್ನು ಸಯನ್ನಿನ ಹಿಟ್ಟಿನ ಗಿರಣಿಯ ಗುರಲಿಂಗಪ್ಪನವರಿಂದ ತರಿಸಿಕೊಂಡೆ.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ವರ್ಷ ತುಂಬದವರನ್ನು ಆ ಸಾಲಿಗೆ ಸೇರಿಸುವಂತಿಲ್ಲ. ಈ ಸೆಪ್ಟೆಂಬರಿನಲ್ಲಿ ಅಣವೀರನನ್ನು ಸೇರಿಸಬೇಕು. ನನ್ನ ಅಪ್ಪ, ನನ್ನ ಅಜ್ಜ ಇರುವ ಸಾಲಿನಲ್ಲಿ ಮಗನನ್ನು ಕೂಡಿಸುವುದು ಎಂಥ ಕೆಲಸ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೇ ಇಡಬೇಕು. ನನ್ನ ಅಪ್ಪನಿಗೆ ಕಡಬಿನ ಜೊತೆ ನಶ್ಯದ ಡಬ್ಬಿ ಇಡುತ್ತೇವೆ. ಮಗನಿಗೆ ಏನು ಇಡೋಣ ಎಂದು ನನ್ನ ಹೆಂಡತಿ ನಾಗವ್ವ ಕೇಳಿದಳು. ಅವನು ಮನೆ ಬಿಟ್ಟದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಆಗಿನ ಇಷ್ಟ ಗೊತ್ತಿದೆ, ಶೇಂಗಾ ಹೋಳಿಗೆ. ಆಮೇಲೆ ಮುಂಬಯಿಯಲ್ಲಿ ಏನು ತಿನ್ನುತ್ತಿದ್ದ, ತಿಳಿಸಿ. ಅವನು ಅಲ್ಲಿ ಹಾಡಿ ಹೆಸರು ಮಾಡಿದ್ದನಂತೆ. ಅವನ ಹಾಡುಗಳಲ್ಲಿ ಯಾವುದು ಒಳ್ಳೆಯದೋ ಅದನ್ನೂ ಎಡೆಗೆ ಇಡಬೇಕೆಂದು ನನ್ನ ಮನಸ್ಸು. ಟೇಪು ಇದ್ದರೆ ಕಳಿಸಿ.

ಇನ್ನೊಂದು. ನಮ್ಮದು ಬಾಂಡೆ ಅಂಗಡಿ, ಹಿತ್ತಾಳೆ ತಾಮ್ರದ ಪಾತ್ರೆ ಮಾರುವುದು. ಗಿರಾಕಿ ಕೊಡ ಆರಿಸಿದ ಮೇಲೆ ನಾನು ಬೆರಳ ಗೆಣ್ಣಿನಿಂದ ಅದನ್ನು ಬಡಿಯುತ್ತೇನೆ. ಬಡಿದು ಒಂದು ಬೆರಳು ಎತ್ತುತ್ತೇನೆ. ಸದ್ದು ಪೂರ್ತಿ ಸಾಯುವವರೆಗೆ ಅಂಗಡಿಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಆಮೇಲೆ ಬೆರಳು ಇಳಿಸಿ, "ಚಲೋ ಐತಿ, ಮನೀಗೆ ಒಯ್ರಿ" ಎನ್ನುತ್ತೇನೆ. ಅದಕ್ಕೊಂದು ಮಾದರಿ ಕೊಡ ಇತ್ತು, ನನ್ನ ಅಪ್ಪನ ಕಾಲದ ಹಿತ್ತಾಳೆಯದು. ಮೊದಲು ಅದನ್ನು ಬಡಿದು ತೋರಿಸಿ, ಆಮೇಲೆ ಮಾರುವುದನ್ನು ಬಡಿಯುವುದು. ಅಣವೀರ ಮನೆ ಬಿಟ್ಟಾಗ ಅದನ್ನು ಒಯ್ದ. ಅವನ ಸಾಮಾನಿನಲ್ಲಿ ಅದು ಇರಲಿಲ್ಲ. ಮಾರಿಕೊಂಡಿದ್ದರೆ ಮಾರಿಕೊಂಡ ಎಂದು ತಿಳಿಸಿ, ಸಿಟ್ಟೇನಿಲ್ಲ.

ಸಿದ್ದರಾಮಪ್ಪ


ವಿಕ್ರೋಳಿ, ಮುಂಬಯಿ
9 ಜುಲೈ 1976

ಮಾನ್ಯ ಸಿದ್ದರಾಮಪ್ಪನವರಿಗೆ ಕೊರಗಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಕೆಲವು ದಿನವಾಯಿತು. ಬರೆಯಲು ಕೂತರೆ ಒಂದೋ ಪೆನ್ನು ಕೈಕೊಡುತ್ತದೆ, ಇಲ್ಲವೇ ಶಿಫ್ಟಿನ ಸೈರನ್ ಆಗುತ್ತದೆ. ಇವತ್ತು ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್. ಕಾರ್ಖಾನೆಗೆ ಅರ್ಧ ಜನ ಬಂದಿಲ್ಲ, ಬಂದ ನಮ್ಮಂಥವರಿಗೆ ಕೆಲಸವಿಲ್ಲ. ಹಾಗಾಗಿ ಈ ಕಾಗದ.

ನಾನು ದಕ್ಷಿಣ ಕನ್ನಡದವ, ಮನೆಯಲ್ಲಿ ತುಳು. ಅಣವೀರ ನನ್ನ ಕನ್ನಡಕ್ಕೆ ನಗುತ್ತಿದ್ದ, ನಾನು ಅವನದಕ್ಕೆ. ಒಂದೇ ಶಿಫ್ಟಿನಲ್ಲಿ ಕೆಲಸ, ನನಗೆ ಮದುವೆಯಾಗುವವರೆಗೆ ಒಂದೇ ಕೋಣೆ. ನಮ್ಮ ಬ್ಯಾಂಡಿನ ಹೆಸರು ಲಾಸ್ಟ್ ಲೋಕಲ್. ಅವನು ಹಾಡುವುದು, ನಾನು ಡ್ರಮ್, ಗಿಟಾರಿಗೆ ಇಬ್ಬರು. ರಿಹರ್ಸಲ್ ಎಲ್ಲ ಗುರಲಿಂಗಪ್ಪನವರ ಗಿರಣಿಯಲ್ಲಿ, ವಾರದ ರಜೆಯ ದಿನ. ಡ್ರಮ್ಮಿಗೆ ಒಂದು ಏಟು ಹಾಕಿದರೆ ಹಿಟ್ಟು ಮೂಗಿನವರೆಗೆ ಹಾರುತ್ತಿತ್ತು. ಮನೆಗೆ ಹೋಗುವಾಗ ನಾಲ್ವರೂ ಬೂದಿ ಬಳಿದುಕೊಂಡ ಹಾಗೆ ಕಾಣುತ್ತಿದ್ದೆವು.

ನಾವು ಬಾರಿಸುವುದಕ್ಕೆ ಇಂಗ್ಲಿಷಿನವರು ಹೆವಿ ಮೆಟಲ್ ಎನ್ನುತ್ತಾರೆ. ಭಾರದ ಲೋಹ ಎಂದು ಅರ್ಥ. ಹೊಸಬರಿಗೆ ಪಕ್ಕದ ಮನೆಯಲ್ಲಿ ಜಗಳ ಹತ್ತಿದ ಹಾಗೆ ಕೇಳುತ್ತದೆ ಮಾರಾಯ್ರೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಮಗ ಹಾಡಿದರೆ ಅಂಧೇರಿಯ ಹಾಲ್‌ನಲ್ಲಿ ಬಾಗಿಲಿನ ಹೊರಗೂ ಜನ ನಿಲ್ಲುತ್ತಿದ್ದರು. ಪೋಸ್ಟರಿನಲ್ಲಿ ‘ವೀರ್’ ಎಂದು ಅವನ ಹೆಸರು ಎಲ್ಲಕ್ಕಿಂತ ದೊಡ್ಡದು. ಒಂದು ಇಂಗ್ಲಿಷ್ ವಾರಪತ್ರಿಕೆ ಅವನ ಫೋಟೋ ಹಾಕಿತ್ತು. ಅದರಲ್ಲಿ ಬಾಯಿ ಎಷ್ಟು ತೆರೆದಿತ್ತೆಂದರೆ, ಹಲ್ಲಿನ ಡಾಕ್ಟರಿಗೆ ಕಳಿಸಬಹುದು ಎಂದು ಅವನೇ ನಕ್ಕಿದ್ದ.

ಮೂರು ಹಾಡನ್ನು ಕ್ಯಾಸೆಟ್ಟಿಗೆ ಹಾಕಿ ಕಳಿಸಿದ್ದೇನೆ. ಮೊದಲನೆಯದು ‘ಸಯನ್ ಸಿಗ್ನಲ್’. ಸಿಗ್ನಲ್ ಸಿಗದೆ ನಿಂತ ಗಾಡಿಯಲ್ಲಿ ಬಾಗಿಲಿಗೆ ಜೋತುಬಿದ್ದವನ ಹಾಡು. ಎಲ್ಲ ಕಡೆ ಇದನ್ನೇ ಎರಡು ಸಲ ಹಾಡಿಸುತ್ತಿದ್ದರು. ಎರಡನೆಯದು ‘ಸೈರನ್ ನಂಬರ್ ಟೂ’. ಇದರಲ್ಲಿ ಅವನು ಕಾರ್ಖಾನೆಯ ಸೈರನ್ನಿನ ಹಾಗೆ ದನಿ ಏರಿಸುತ್ತಾ ಹೋಗುತ್ತಾನೆ, ಎಲ್ಲಿ ಉಸಿರು ತೆಗೆದುಕೊಂಡ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೂರನೆಯದು ‘ಥರ್ಡ್ ಫ್ಲೋರ್ ಕಿಟಕಿ’, ನಿಧಾನದ್ದು. ಎದುರು ಬಿಲ್ಡಿಂಗಿನ ಹುಡುಗಿಯ ಮೇಲೆ ಕಟ್ಟಿದ್ದು. ಅವಳಿಗೆ ವಿಷಯ ಗೊತ್ತಾಗುವ ಮೊದಲೇ ಮದುವೆಯಾಗಿ ಠಾಣೆಗೆ ಹೋದಳು.

ಇವೇ ಅವನ ಒಳ್ಳೆಯ ಹಾಡುಗಳು. ಬೇರೆ ಹೇಳಿಕೊಳ್ಳುವಂಥದ್ದು ಇಲ್ಲ.

ತಿನ್ನುವುದರಲ್ಲಿ ಅವನಿಗೆ ಬಟಾಟೆ ವಡೆ ಮತ್ತು ಪಾವ್ ತುಂಬಾ ಇಷ್ಟ. ಕೊಡದ ವಿಷಯ ನನಗೆ ಸರಿಯಾಗಿ ಗೊತ್ತಿಲ್ಲ.

ಕೊರಗಪ್ಪ


ಬೆಳಗಾವಿ
24 ಜುಲೈ 1976

ಶ್ರೀ ಕೊರಗಪ್ಪ ಅವರಿಗೆ ಶರಣು.

ಕ್ಯಾಸೆಟ್ ಮುಟ್ಟಿತು. ಪಕ್ಕದ ವಾಚ್ ಅಂಗಡಿಯವರ ಅಳಿಯ ದುಬೈಯಿಂದ ತಂದ ಟೇಪ್‌ರೆಕಾರ್ಡರ್ ಇಸಕೊಂಡು ಅಂಗಡಿಯಲ್ಲೇ ಹಾಕಿದೆ. ಭಾರದ ಲೋಹ ತೂಗಿ ಮಾರುವವನು ನಾನು, ನನಗೆ ತಿಳಿಯದೆ ಇರುತ್ತದೆಯೇ ಎಂದು ಧೈರ್ಯ ಮಾಡಿ ಕೂತೆ. ಇಬ್ಬರು ಗಿರಾಕಿಗಳು ಮೆಟ್ಟಿಲವರೆಗೆ ಬಂದು ಹಿಂದಕ್ಕೆ ಹೋದರು. ಎದುರಿನ ಕಿರಾಣಿಯವರು ಬಂದು, "ಯಾಕ್ರಿ ಸಾಹುಕಾರ್ರ, ಯಾರರ ಬಿದ್ರೇನು?" ಎಂದು ಕೇಳಿದರು. ಮಗ ಹಾಡಾಕತ್ತಾನ ಎಂದೆ. ಅವರು ಟೋಪಿ ತೆಗೆದು ಸುಮ್ಮನೆ ನಿಂತು ಕೇಳಿದರು. ಒಳ್ಳೆಯ ಮನುಷ್ಯ.

ನಾಗವ್ವ ಎರಡು ಹಾಡು ಕೇಳಿದವಳು, "ಇದು ನಮ್ಮ ಅಣವೀರನ ದನಿನ ಅಲ್ಲ, ಯಾರದೋ ಕಳಸ್ಯಾರ" ಎಂದಳು. ಮೂರನೆಯದು ಶುರುವಾಗುವ ಮೊದಲು ಅವನು ಒಂದು ಸಲ ಕೆಮ್ಮುತ್ತಾನೆ. ಅದು ಕೇಳಿ ಟೇಪಿನ ಹತ್ತಿರ ಬಂದು ಕೂತಳು. "ನೆಗಡಿ ಆಗೈತಿ ಅವಗ, ಯಾರೂ ಕಷಾಯ ಮಾಡಿ ಕೊಟ್ಟಿಲ್ಲ" ಎಂದಳು. ಈಗ ದಿನಾ ಆ ಕೆಮ್ಮಿನವರೆಗೆ ಹಾಕಿಸಿಕೊಂಡು ಕೇಳಿ, ಆಮೇಲೆ ನಿಲ್ಲಿಸು ಎನ್ನುತ್ತಾಳೆ.

ನಿಮ್ಮ ಮನಸ್ಸಿಗೆ ನೋವಾಗಬಾರದು, ಆದರೆ ಹೇಳಬೇಕಾದದ್ದು ಹೇಳುತ್ತೇನೆ. ಮೂರೂ ಒಳ್ಳೆಯವು ಇದ್ದಾವು. ಜನ ಕೂಡುತ್ತಿದ್ದರು ಎಂದರೆ ಅದರಲ್ಲಿ ಏನೋ ಇರಲೇಬೇಕು. ಆದರೆ ಗಾಡಿ, ಕಾರ್ಖಾನೆ, ಯಾರದೋ ಕಿಟಕಿ, ಇವು ಜನರಿಗೆ ಹಾಡಿದವು. ಎಡೆಗೆ ಇಡುವುದು ಮನೆಯದಾಗಿರಬೇಕು. ಈ ಮನೆಯ ಮಗ ಎನ್ನುವುದು ಎಲ್ಲಾದರೂ ಒಂದು ಹಾಡಿನಲ್ಲಿ ಇಲ್ಲವೇ? ಇನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಬಟಾಟೆ ವಡೆ ಹೇಗೆ ಮಾಡುವುದು ಎಂದು ನಿಮ್ಮ ಮನೆಯವರಿಂದ ಬರೆಸಿ ಕಳಿಸಿ ಎಂದು ನಾಗವ್ವ ಹೇಳಿದ್ದಾಳೆ.

ಸಿದ್ದರಾಮಪ್ಪ


ಬೆಳಗಾವಿ
5 ಆಗಸ್ಟ್ 1976

ಕೊರಗಪ್ಪ ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಅಷ್ಟರಲ್ಲಿ ಬೇರೆ ಕಡೆಯಿಂದ ಒಂದು ಸುದ್ದಿ ಬಂತು.

ನನ್ನ ಚಿಕ್ಕಪ್ಪನ ಮೊಮ್ಮಗಳು ಮೋಹಿನಿ ಸಯನ್ನಿನಲ್ಲಿ ಇದ್ದಾಳೆ, ಕಾಲೇಜು ಓದುವ ಹುಡುಗಿ. ಪಂಚಮಿಗೆ ಅವರ ಅವ್ವನ ಜೊತೆ ಇಲ್ಲಿಗೆ ಬಂದಿದ್ದಳು. ನಾನು ಅಂಗಡಿಯಲ್ಲಿ ಒಂದು ಕೊಡ ಬಡಿದು ಬೆರಳು ಎತ್ತಿದೆ. ಅವಳು ಕಣ್ಣು ದೊಡ್ಡದು ಮಾಡಿ, "ಕಾಕಾ, ಯೇ ತೋ ವೀರ್ ಕಾ ಸ್ಟೈಲ್ ಹೈ" ಎಂದಳು, ಇದು ವೀರನ ಶೈಲಿ ಎಂದು. ಆಮೇಲೆ ತನ್ನ ಹರಕು ಮುರಕು ಕನ್ನಡದಲ್ಲಿ ಹೇಳಿದಳು: "ಅವ್ರ ಲಾಸ್ಟ್ ಸಾಂಗ್‌ನಾಗ ಹಿಂಗ ಒಂದ್ ಬೆರಳ್ ಮ್ಯಾಲ ಮಾಡ್ತಿದ್ರು ಕಾಕಾ. ಮತ್ತ ಪೂರಾ ಹಾಲ್ ಬೆರಳ್ ಮ್ಯಾಲ ಮಾಡೋದು. ನಾನೂ ಮಾಡೀನಿ."

ಬೇರೆ ಹೇಳಿಕೊಳ್ಳುವಂಥದ್ದು ಇಲ್ಲ ಎಂದು ನೀವು ಬರೆದಿದ್ದೀರಿ. ಆ ಹಾಡು ಯಾವುದು? ಅದರ ಟೇಪು ಇದೆಯೋ ಇಲ್ಲವೋ? ಒಂದು ಸಾಲಿನಲ್ಲಿ ಬರೆದರೆ ಸಾಕು.

ಸಿದ್ದರಾಮಪ್ಪ


ವಿಕ್ರೋಳಿ, ಮುಂಬಯಿ
13 ಆಗಸ್ಟ್ 1976

ಮಾನ್ಯರಿಗೆ ನಮಸ್ಕಾರಗಳು.

ತಾವು ಕೇಳಿದ ಹಾಡಿನ ಟೇಪು ಇಲ್ಲ. ಅದು ಕಾರ್ಯಕ್ರಮದ ಕೊನೆಯಲ್ಲಿ ತಮಾಷೆಗಾಗಿ ಮಾಡುತ್ತಿದ್ದದ್ದು, ಎಡೆಗೆ ಇಡುವಂಥದ್ದಲ್ಲ. ಹುಡುಗಿಯರು ಸ್ವಲ್ಪ ಹೆಚ್ಚಿಗೆ ಹೇಳುವುದುಂಟು.

ಬಟಾಟೆ ವಡೆ ಮಾಡುವ ಕ್ರಮವನ್ನು ನನ್ನ ಹೆಂಡತಿ ಸೇವಂತಿ ಬರೆದ ಚೀಟಿ ಇದರೊಂದಿಗೆ ಇದೆ.

ತಮ್ಮ ವಿಶ್ವಾಸಿ,
ಕೊರಗಪ್ಪ


ಬೆಳಗಾವಿ
26 ಆಗಸ್ಟ್ 1976

ಕೊರಗಪ್ಪ,

ನೀವು ಎನ್ನುವುದನ್ನು ಬಿಟ್ಟು ಬರೆಯುತ್ತೇನೆ. ನನ್ನ ಮಗನ ಜೊತೆ ಒಂದೇ ಚಾಪೆಯ ಮೇಲೆ ಮಲಗಿದವನು ನೀನು. ಹೋದ ಸಲದ ನಿನ್ನ ಕಾಗದದಲ್ಲಿ ನಗು ಇಲ್ಲ, ಮಾರಾಯ್ರೆ ಇಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದ್ದೇನೆ. ಗಿರಾಕಿಯ ಮಾತು ಇದ್ದಕ್ಕಿದ್ದ ಹಾಗೆ ಮೆತ್ತಗಾದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅರ್ಥ. ನನಗೆ ನೋವಾದೀತು ಎಂದು ಮುಚ್ಚಿಡುತ್ತಿದ್ದೀಯ ಎಂದು ಕಾಣುತ್ತದೆ. ಹಾಗಿದ್ದರೆ ಮೊದಲು ನನ್ನ ಕಡೆಯದು ಕೇಳು. ಇದನ್ನು ನಾಗವ್ವನಿಗೂ ಹೇಳಿಲ್ಲ.

ಅವನು ಹೋದ ದಿನ ಮಧ್ಯಾಹ್ನ ಅಂಗಡಿಗೆ ಬಂದ. "ಅಪ್ಪಾ, ಒಂದು ಹಾಡು ಹಾಡ್ತೇನಿ, ಹೆಂಗೈತಿ ಹೇಳು. ಚಲೋ ಇದ್ರ ಮುಂಬೈಗೆ ಹೊಕ್ಕೇನಿ. ಇಲ್ಲಂದ್ರ ನಾಳಿಂದ ಗಲ್ಲಾದ ಮ್ಯಾಲ ಕುಂದರ್ತೇನಿ" ಎಂದ. ನಗುತ್ತಾ ಹೇಳಿದ. ಹಾಡಿದ. ಯಾವ ಹಾಡು ಎಂದು ನನಗೆ ಗೊತ್ತಿಲ್ಲ. ಅವನು ನಿಲ್ಲಿಸಿದ ಮೇಲೂ ಮೇಲಿನ ಹಲಗೆಯ ತಾಟುಗಳು ಗುಂಯ್ ಎನ್ನುತ್ತಿದ್ದವು. ನಾನು ರೂಢಿಯಂತೆ ಬೆರಳು ಎತ್ತಿದೆ.

ಅಷ್ಟರಲ್ಲಿ ಶಂಕ್ರೆಪ್ಪನವರು ಮಗಳ ಮದುವೆಯ ಬಾಂಡೆ ಕೊಳ್ಳಲು ಎಂಟು ಜನರನ್ನು ಕರೆದುಕೊಂಡು ಬಂದರು. ಬೆರಳು ಇಳಿಸಿ, "ಬರ್ರಿ, ಬರ್ರಿ" ಎಂದೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಂಗಡಿ ಮುಚ್ಚುವ ಹೊತ್ತಿಗೆ ಅವನೂ ಇರಲಿಲ್ಲ, ಕೊಡವೂ ಇರಲಿಲ್ಲ.

ಕೊಡ ಇದ್ದ ಜಾಗ ನೋಡಿ ನನಗೆ ಬೆಂಕಿ ಹತ್ತಿದ ಹಾಗಾಯಿತು. ಇನ್ನು ನಿನ್ನ ಕಿವಿ ನನಗೆ ಬೇಕಾಗಿಲ್ಲ ಎಂದು ಹೇಳಿ ಹೋದ ಹಾಗೆ ಅನಿಸಿತು. ಅವನು ಅವ್ವನಿಗೆ ಕಾಗದ ಬರೆಯುತ್ತಿದ್ದ, ಅವಳು ನನ್ನಿಂದ ಉತ್ತರ ಬರೆಸುತ್ತಿದ್ದಳು. ಅವಳು ಹೇಳಿದ್ದನ್ನಷ್ಟೇ ಬರೆದೆ, ನನ್ನದೊಂದು ಸಾಲು ಸೇರಿಸಲಿಲ್ಲ. ಅವನಾಗಿ ಕೇಳಲಿ ಎಂದು ನನ್ನ ಹಟ. ಆರು ವರ್ಷ ಅವನು ಕೇಳಲಿಲ್ಲ.

ಅವನ ಹಾಡು ಚಲೋ ಇತ್ತೋ ಇಲ್ಲವೋ? ಸುಳ್ಳು ಹೇಳುವುದಿಲ್ಲ, ನಾನು ಪೂರ್ತಿ ಕೇಳಿರಲಿಲ್ಲ. ಸದ್ದು ಸಾಯುವ ಮೊದಲೇ ಬೆರಳು ಇಳಿಸಿದ್ದೆ. ಪೂರ್ತಿ ಕೇಳದೆ ನಾನು ಒಂದು ತಂಬಿಗೆಯನ್ನೂ ಮಾರಿದವನಲ್ಲ.

ನೀನು ಮುಚ್ಚಿಟ್ಟ ಹಾಡಿನಲ್ಲಿ ಅವನು ನನ್ನನ್ನು ಬೈದಿರಲಿ, ಆಡಿಕೊಂಡಿರಲಿ, ನಡೆಯುತ್ತದೆ. ಅಮಾವಾಸ್ಯೆಗೆ ಇನ್ನು ತಿಂಗಳೂ ಉಳಿದಿಲ್ಲ. ಅವನನ್ನು ಎಡೆಗೆ ಕರೆದು ಅವನು ಕೇಳಿದ್ದಕ್ಕೆ ಉತ್ತರ ಕೊಡದೆ ಕಳಿಸಿದರೆ ನನಗೆ ಅನ್ನ ಇಳಿಯುವುದಿಲ್ಲ. ಇದ್ದರೆ ಕಳಿಸು ತಮ್ಮಾ.

ಸಿದ್ದರಾಮಪ್ಪ


ವಿಕ್ರೋಳಿ, ಮುಂಬಯಿ
6 ಸೆಪ್ಟೆಂಬರ್ 1976

ಸಾಹುಕಾರ್ರೇ,

ಹೀಗೆ ಕರೆಯಬಹುದಲ್ಲವಾ? ಅಣವೀರ ನಿಮ್ಮ ಮಾತು ಬಂದಾಗಲೆಲ್ಲ ಹಾಗೆಯೇ ಹೇಳುತ್ತಿದ್ದ. ನಮ್ಮಪ್ಪ ಎಂದು ಅವನ ಬಾಯಿಂದ ನಾನು ಕೇಳಿದ್ದು ಕಡಿಮೆ, ‘ನಮ್ಮ ಸಾಹುಕಾರ್ರು’ ಎನ್ನುವುದೇ.

ನಿಮ್ಮ ಕಾಗದವನ್ನು ಸೇವಂತಿಗೆ ಓದಿ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಇನ್ನೂ ಎಂತ ಅಡಗಿಸಿ ಇಡ್ತೀರಿ? ಆ ಮನುಷ್ಯರಿಗೆ ಕೊಟ್ಟುಬಿಡಿ" ಎಂದಳು. ಈಗ ಒಂದೊಂದಾಗಿ ಕೊಡುತ್ತೇನೆ.

ಕೊಡ ನನ್ನ ಹತ್ತಿರ ಉಂಟು. ಅವನು ಮಾರಲಿಲ್ಲ. ಮೊದಲ ವರ್ಷ ಇಬ್ಬರಿಗೂ ಊಟಕ್ಕೆ ಗತಿ ಇಲ್ಲದ ದಿನವೂ ಅದನ್ನು ಮಾರುವ ಮಾತು ಎತ್ತಿದರೆ ನನ್ನ ಮೇಲೆ ಹರಿಹಾಯುತ್ತಿದ್ದ. ನನ್ನ ಡ್ರಮ್ಮುಗಳ ಎಡಗಡೆ ಒಂದು ಕಬ್ಬಿಣದ ಕಾಲು ಮಾಡಿಸಿ ಕೂರಿಸಿದ್ದೇವೆ. ನಿಮ್ಮ ಮೊದಲ ಕಾಗದ ಬಂದಾಗ ಅದು ನನ್ನ ಕಣ್ಣೆದುರೇ ಇತ್ತು. ಕೊಟ್ಟುಬಿಟ್ಟರೆ ಅವನದು ಎನ್ನುವುದು ನನ್ನಲ್ಲಿ ಏನೂ ಉಳಿಯುವುದಿಲ್ಲ ಎಂದು ಆಸೆಪಟ್ಟು ಗೊತ್ತಿಲ್ಲ ಎಂದು ಬರೆದೆ. ಈಗ ನೀವು ಹೇಳಿದ ದಿನ ಕಳಿಸಿಕೊಡುತ್ತೇನೆ.

ಹಾಡೂ ಉಂಟು. ಅದಕ್ಕೆ ಹೆಸರಿಲ್ಲ, ನಾವು ‘ಬಾಂಡೆ’ ಎನ್ನುತ್ತಿದ್ದೆವು. ಮೊದಲು ನಾವೆಲ್ಲ ಸೇರಿ ಗುಡ್ಡ ಕುಸಿಯುವ ಹಾಗೆ ಬಾರಿಸಬೇಕು. ಅವನು ಇಂಗ್ಲಿಷಿನಲ್ಲಿ ಅಂಗಡಿ ಬೀದಿಯ ಗದ್ದಲವನ್ನೆಲ್ಲ ಹಾಡುತ್ತಾನೆ. ಒಂದು ಕಡೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಆಗ ಅವನು ಬಂದು ಕೊಡವನ್ನು ಗೆಣ್ಣಿನಿಂದ ಒಂದೇ ಸಲ ಬಡಿಯುತ್ತಾನೆ. ಬಡಿದು ನಿಮ್ಮ ಭಾಷೆಯಲ್ಲಿ "ಹೆಂಗೈತ್ರಿ ಸಾಹುಕಾರ್ರ?" ಎಂದು ಕೇಳುತ್ತಾನೆ. ಕೇಳಿ ಹೊಟ್ಟೆ ಮುಂದೆ ಮಾಡಿ, ಹುಬ್ಬು ಗಂಟಿಕ್ಕಿ, ಒಂದು ಬೆರಳು ಎತ್ತಿ ನಿಲ್ಲುತ್ತಾನೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರೂ ಬೆರಳು ಎತ್ತುತ್ತಿದ್ದರು, ಶಿಳ್ಳೆ ಹೊಡೆಯುತ್ತಿದ್ದರು. ಅವನು ಬೆರಳು ಇಳಿಸಿದರೆ ನಾವು ಮತ್ತೆ ಶುರುಮಾಡುವುದು.

ಅದು ಯಾರ ನಕಲು ಎಂದು ಒಮ್ಮೆ ಕೇಳಿದ್ದೆ. "ನಮ್ಮ ಸಾಹುಕಾರ್ರದು. ಬೆರಳು ಎತ್ತತಾರ, ಏನೂ ಹೇಳೂದಿಲ್ಲ" ಎಂದ. ನಾನು ಅದನ್ನು ಗೇಲಿ ಎಂದುಕೊಂಡೆ. ಮಗನನ್ನು ಕಳಕೊಂಡ ಮನುಷ್ಯ ಇದನ್ನು ಕೇಳಿದರೆ ಮುಂಬಯಿಯವರೆಲ್ಲ ಸೇರಿ ತನ್ನನ್ನು ನೋಡಿ ನಕ್ಕರು ಎಂದುಕೊಂಡಾರು ಎಂದು ಹೆದರಿದೆ. ಅದಕ್ಕೇ ಟೇಪು ಇಲ್ಲ ಎಂದದ್ದು.

ನಿಮ್ಮ ಕಾಗದ ಓದಿದ ಮೇಲೆ ಕೆಲವು ಸಂಗತಿ ಬೇರೆ ರೀತಿ ಕಾಣುತ್ತಿವೆ. ಜನ ಶಿಳ್ಳೆ ಹಾಕಿದರೆ ಅವನಿಗೆ ಎಲ್ಲ ಹಾಡಿಗೂ ಖುಷಿ, ಇದೊಂದಕ್ಕೆ ಮಾತ್ರ ಸಿಟ್ಟು. ಸ್ಟೇಜಿನಿಂದ ಇಳಿದ ಮೇಲೆ "ಆ ಜಾಗಾದಾಗ ಯಾಕ ಒದರ್ತಾರೋ?" ಎಂದು ಗೊಣಗುತ್ತಿದ್ದ. ನನಗೂ ಒಂದು ತಕರಾರು ಇತ್ತು. ಆ ಬೆರಳು ಇಳಿಯುವುದು ಒಂದು ದಿನ ಬೇಗ, ಒಂದು ದಿನ ತಡ. ಡ್ರಮ್ ಬಾರಿಸುವವನಿಗೆ ಅದು ದೊಡ್ಡ ಹಿಂಸೆ. ತಾಳ ಲೆಕ್ಕ ಇಟ್ಟುಕೊಂಡು ಇಳಿಸು ಮಾರಾಯ ಎಂದರೆ, "ಸದ್ದು ಸಾಯಲಿ ತಡಿ" ಎನ್ನುತ್ತಿದ್ದ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಗಿರಣಿಯಲ್ಲಿ ಇದನ್ನು ಟೇಪು ಮಾಡಿದೆವು. ಆಗಲೇ ಅವನ ಕಣ್ಣು ಹಳದಿಯಾಗಿತ್ತು, ನಾವು ಗಮನಿಸಲಿಲ್ಲ. ಫ್ಯಾನು ನಿಲ್ಲಿಸು, ಬಾಗಿಲು ಹಾಕು ಎಂದ. ಬಡಿದ, ಕೇಳಿದ, ಬೆರಳು ಎತ್ತಿದ. ನಾನು ಕೋಲು ಎತ್ತಿ ಕೂತೆ. ಅವನು ಬೆರಳು ಇಳಿಸಲೇ ಇಲ್ಲ. ಬಹಳ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ ಕೈಯಿಂದಲೇ ಬೇಡ ಎಂದ. ಮಿಷನ್ ನಿಲ್ಲಿಸಿದ ಮೇಲೆ, "ಇದರಾಗ ಹಿಂಗ ಇರ್ಲಿ ಬಿಡು" ಎಂದ. ಹಾಗಾಗಿ ಈ ಕಾಗದದ ಜೊತೆ ಕಳಿಸುತ್ತಿರುವ ಟೇಪಿನಲ್ಲಿ ಹಾಡು ಅಲ್ಲೇ ನಿಂತಿದೆ, ಮುಂದೆ ಬರೀ ಮೌನ. ಆಮೇಲೆ ಅವನು ಹಾಡಲಿಲ್ಲ.

ಯಾವುದು ಒಳ್ಳೆಯ ಹಾಡು ಎಂದು ನೀವು ಮೊದಲ ಕಾಗದದಲ್ಲೇ ಕೇಳಿದ್ದಿರಿ. ಇದೇ. ಅದು ನನಗೆ ಅವತ್ತೇ ಗೊತ್ತಿತ್ತು.

ಇನ್ನೊಂದು ಉಳಿಯಿತು. ವಡಾಪಾವ್ ಇಷ್ಟ ಎಂದದ್ದು ಸುಳ್ಳಲ್ಲ. ಆದರೆ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೇವಂತಿ ಕಾಯಿಸಿದ ಬಂಗುಡೆ ಮೀನು. ನೀವು ಮನೆಯಲ್ಲಿ ಲಿಂಗಪೂಜೆ ಮಾಡುವವರು, ಹೇಗೆ ಬರೆಯುವುದು ಎಂದು ಬರೆಯಲಿಲ್ಲ. ಎಡೆಗೆ ಇಷ್ಟವಾದದ್ದನ್ನೇ ಇಡಬೇಕು ಎಂದಿರಲ್ಲ, ಅದು ನನ್ನನ್ನು ಎರಡು ತಿಂಗಳಿಂದ ಕೊರೆಯುತ್ತಾ ಇದೆ.

ನಿಮ್ಮ
ಕೊರಗಪ್ಪ


ಬೆಳಗಾವಿ
14 ಸೆಪ್ಟೆಂಬರ್ 1976

ತಮ್ಮಾ ಕೊರಗಪ್ಪಾ,

ಕ್ಯಾಸೆಟ್ ಮುಟ್ಟಿತು. ಇನ್ನೂ ಹಾಕಿಲ್ಲ. ಅವನು ಬರುವ ದಿನವೇ ಹಾಕುತ್ತೇನೆ. ಅಲ್ಲಿಯವರೆಗೆ ಗಲ್ಲಾದೊಳಗೆ ಇರುತ್ತದೆ, ಕೀಲಿ ನನ್ನ ಹತ್ತಿರ.

ಮೀನಿನ ವಿಷಯ ಓದಿ ಮೊದಲು ಕಾಗದವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ. ಆಮೇಲೆ ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಮಗ ಸತ್ತ ಮೇಲೆ ನಕ್ಕದ್ದು ಅದೇ ಮೊದಲು. ಈ ಮನೆಯ ಎಡೆಗೆ ಅದು ಆಗುವುದಿಲ್ಲ. ನಾಗವ್ವನಿಗೆ ಹೇಳುವ ಧೈರ್ಯ ನನಗಿಲ್ಲ, ನೀನೂ ಹೇಳಬೇಡ. ಅಮಾವಾಸ್ಯೆಯ ದಿನ ನಿನ್ನ ಹೆಂಡತಿ ಅದನ್ನು ಮಾಡಲಿ, ಅವನ ಹೆಸರಿನಲ್ಲಿ ನೀನು ಉಣ್ಣು. ಅವನು ಎರಡೂ ಕಡೆ ಬರುತ್ತಾನೆ.

ಸಿದ್ದರಾಮಪ್ಪ


ಬೆಳಗಾವಿ
26 ಸೆಪ್ಟೆಂಬರ್ 1976

ತಮ್ಮಾ ಕೊರಗಪ್ಪಾ,

ಕೊಡ ನಿನ್ನ ಹತ್ತಿರವೇ ಇರಲಿ. ಅದನ್ನು ಬಡಿಯುವವರು ಇರುವ ಕಡೆ ಅದು ಇರಬೇಕು. ಹುಣಸೆಹಣ್ಣು ಹಚ್ಚಿ ತೊಳಿ, ಮಾರುಕಟ್ಟೆಯ ಪುಡಿ ಹಚ್ಚಬೇಡ. ಒಂದು ಸಲ ಇಲ್ಲಿಗೆ ಬರುವಾಗ ತೆಗೆದುಕೊಂಡು ಬಾ, ನೋಡುತ್ತೇನೆ. ಸೇವಂತಿಯನ್ನೂ ಕರೆದುಕೊಂಡು ಬಾ. ಅವಳ ಚೀಟಿ ನೋಡಿ ನಾಗವ್ವ ಮಾಡಿದ ವಡೆಗೆ ಉಪ್ಪು ಹೆಚ್ಚಾಗಿತ್ತು, ಆದರೂ ಎಲ್ಲರೂ ತಿಂದರು.

ಅಮಾವಾಸ್ಯೆ ಹೇಗಾಯಿತು ಎಂದು ನಿನಗೆ ಬರೆಯಲೇಬೇಕು.

ನಮ್ಮಲ್ಲಿ ಎಡೆ ಇಟ್ಟು, ಊದಿನಕಡ್ಡಿ ಹಚ್ಚಿ, ಮನೆಯವರೆಲ್ಲ ಆ ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಹಿರಿಯರು ಬಂದು ಉಣ್ಣುವವರೆಗೆ ಹೊರಗೆ ಕೂತಿರಬೇಕು, ಮಾತಾಡಬಾರದು. ಅಪ್ಪನಿಗೆ ನಶ್ಯ, ಅವ್ವನಿಗೆ ಸೀರೆ, ಎಲ್ಲರಿಗೂ ಕಡಬು, ಹೋಳಿಗೆ. ಕೊನೆಯ ಎಲೆ ಅಣವೀರನದು. ಹೊಸ ಅಂಗಿ, ಶೇಂಗಾ ಹೋಳಿಗೆ, ವಡೆ, ಪಾವು. ಪಕ್ಕದಲ್ಲಿ ಟೇಪ್‌ರೆಕಾರ್ಡರ್. ಇದೇನು ಎಂದು ನಮ್ಮ ಅಣ್ಣ ಧರ್ಮಣ್ಣ ಕೇಳಿದ. ಇದೂ ಎಡೆಯೇ ಎಂದೆ. ಎಲ್ಲರನ್ನೂ ಹೊರಗೆ ಕಳಿಸಿ, ಗುಂಡಿ ಒತ್ತಿ, ನಾನು ಕೊನೆಗೆ ಬಂದು ಬಾಗಿಲು ಹಾಕಿದೆ.

ನಿನ್ನ ಡ್ರಮ್ಮಿಗೆ ಬಾಗಿಲಿನ ಚಿಲಕ ಅಲುಗಾಡಿತು ತಮ್ಮಾ. ಧರ್ಮಣ್ಣ ಕಿವಿ ಮುಚ್ಚಿಕೊಂಡ. ನಮ್ಮ ಹಿರಿಯರು ಎಲೆ ಬಿಟ್ಟು ಎದ್ದು ಹೋದಾರು ಎಂದು ನನಗೂ ಒಂದು ಗಳಿಗೆ ಅನಿಸಿತು. ಆಮೇಲೆ ಕಿವಿ ಹೊಂದಿಕೊಂಡಿತು. ಆ ಗದ್ದಲದೊಳಗೆ ಅವನ ದನಿ ಎಲ್ಲೂ ಹರಿಯದೆ ನಡುವೆ ನಿಂತಿರುವುದು ಗೊತ್ತಾಯಿತು. ನಾಗವ್ವನೂ ಈ ಸಲ ಅವನ ದನಿಯಲ್ಲ ಎನ್ನಲಿಲ್ಲ.

ನೀನು ಬರೆದಂತೆ ಎಲ್ಲವೂ ಒಮ್ಮೆಲೇ ನಿಂತಿತು. ಕೊಡದ ಸದ್ದು ಬಂತು. ನನ್ನ ಅಪ್ಪ ಬಡಿದ ಕೊಡ, ನಾನು ಬಡಿದ ಕೊಡ, ಗುರುತು ಹಿಡಿಯಲು ನನಗೆ ಕಣ್ಣು ಬೇಕಾಗಿಲ್ಲ. ಅದರ ಹಿಂದೆಯೇ ಮುಚ್ಚಿದ ಬಾಗಿಲಿನ ಒಳಗಿಂದ ಅವನು ಕೇಳಿದ, "ಹೆಂಗೈತ್ರಿ ಸಾಹುಕಾರ್ರ?"

ನನ್ನ ಬೆರಳು ಮೇಲೆ ಹೋಗಿತ್ತು. ಯಾವಾಗ ಎತ್ತಿದೆನೋ ಗೊತ್ತಿಲ್ಲ, ನಾಗವ್ವ ಅದನ್ನೇ ನೋಡುತ್ತಿದ್ದಳು. ಯಾರೂ ಮಿಸುಕಾಡಲಿಲ್ಲ. ಕೊಡದ ಸದ್ದು ಸಣ್ಣಗಾಗುತ್ತಾ ಹೋಯಿತು. ಇನ್ನು ಮುಗಿಯಿತು ಎಂದುಕೊಂಡ ಮೇಲೂ ಒಂದು ಎಳೆ ಉಳಿದಿತ್ತು, ಅದನ್ನೂ ಕೇಳಿದೆ. ಈ ಸಲ ಯಾವ ಗಿರಾಕಿಯೂ ಬರಲಿಲ್ಲ. ಪೂರ್ತಿ ಸತ್ತ ಮೇಲೆ ಟೇಪು ತಿರುಗುವ ಸದ್ದು ಮಾತ್ರ ಇತ್ತು, ಅವನು ಕಾಯುತ್ತಿದ್ದ. ಮಾತಾಡಬಾರದ ಹೊತ್ತು ಅದು, ಗೊತ್ತಿತ್ತು. ಬೆರಳು ಇಳಿಸಿ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ.

"ಚಲೋ ಐತೋ ಅಣವೀರಾ. ಮನೀಗೆ ಬಂದಿ, ಉಣ್ಣು."

ಸಿದ್ದರಾಮಪ್ಪ